ನೆನಪೆಂಬ ಹೊಣೆ

(ಆಕಾಶವಾಣಿ ಭಾಷಣದ ಲಿಖಿತ ರೂಪ)



ಮರೆವು ಮನುಷ್ಯನಿಗೆ ದೇವರು ಕೊಟ್ಟ ವರ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ದುಃಖವನ್ನು ಮರೆಯದೆ ಹೋದರೆ ಬದುಕು ಮುಂದೆ ಸಾಗಲಾರದೆಂಬುದು ಆ ಮಾತಿನ ತಾತ್ಪರ್ಯ. ಅದು ಸುಳ್ಳಲ್ಲ. ಆದರೆ ವರಗಳಿಗೂ ಒಂದು ಮಿತಿಯುಂಟು. ಭಸ್ಮಾಸುರನ ಕಥೆಯನ್ನು ಬಲ್ಲ ನಮಗೆ ಇದನ್ನು ಯಾರೂ ಹೊಸದಾಗಿ ತಿಳಿಸಬೇಕಾಗಿಲ್ಲ. ಮರೆವು ಮಿತಿ ಮೀರಿದಾಗ ವರ ಪಡೆದವನ ತಲೆಯ ಮೇಲೆಯೇ ಕೈ ಬರುತ್ತದೆ. ಈ ಹೊತ್ತು ನೆನಪನ್ನು ಕುರಿತ ಕೆಲವು ವಿಚಾರಗಳನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ಒಬ್ಬ ವ್ಯಕ್ತಿಯ ನೆನಪಿಗಿಂತ ಹೆಚ್ಚಾಗಿ, ಒಂದು ಊರು, ಒಂದು ನಾಡು ತನ್ನ ನೆನಪನ್ನು ಹೇಗೆ ಕಾಯ್ದುಕೊಳ್ಳುತ್ತದೆ, ಹೇಗೆ ಕಳೆದುಕೊಳ್ಳುತ್ತದೆ ಎಂಬುದೇ ನನ್ನ ವಿಷಯ.

ನನ್ನ ವಯಸ್ಸಿನವರು ನಾಲ್ವರು ಒಂದೆಡೆ ಸೇರಿದರೆ ಈಚೆಗೆ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಇಂದಿನವರಿಗೆ ಏನೂ ನೆನಪಿರುವುದಿಲ್ಲ. ಮಗನಿಗೆ ತಾಯಿಯ ದೂರವಾಣಿ ಸಂಖ್ಯೆ ಬಾಯಿಗೆ ಬಾರದು, ಮೊಮ್ಮಗನಿಗೆ ಮಗ್ಗಿ ಬಾರದು. ಎಲ್ಲವನ್ನೂ ಕೈಯಲ್ಲಿರುವ ಮೊಬೈಲಿಗೆ ಒಪ್ಪಿಸಿ ಕುಳಿತಿದ್ದಾರೆ ಎಂಬುದು ಆ ದೂರು. ನಾವು ಬಾಲ್ಯದಲ್ಲಿ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಕೂಡ ಉರುಹೊಡೆದವರು. ಅರವತ್ತು ಸಂವತ್ಸರಗಳ ಹೆಸರನ್ನು ಪ್ರಭವದಿಂದ ಅಕ್ಷಯದವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದವರು. ಆದ್ದರಿಂದ ನಮಗೆ ಈ ದೂರು ಹೇಳುವ ಅಧಿಕಾರವಿದೆಯೆಂಬ ಭಾವನೆ. ಆದರೆ ಸ್ವಲ್ಪ ಯೋಚಿಸಿದರೆ ಈ ದೂರು ಬಹಳ ಹಳೆಯದೆಂಬುದು ಹೊಳೆಯುತ್ತದೆ. ವಿದ್ಯೆ ಬಾಯಿಂದ ತಾಳೆಗರಿಗೆ ಇಳಿದ ಕಾಲದಲ್ಲಿಯೂ ಇಂಥದೇ ಗೊಣಗಾಟ ಇದ್ದಿತು. ಪುಸ್ತಕದೊಳಗಿನ ವಿದ್ಯೆಯನ್ನು ಪರರ ಕೈಸೇರಿದ ಹಣಕ್ಕೆ ಹೋಲಿಸುವ ಸುಭಾಷಿತವೊಂದು ಸಂಸ್ಕೃತದಲ್ಲಿದೆ; ಬೇಕಾದಾಗ ಎರಡೂ ಒದಗುವುದಿಲ್ಲವೆಂದು ಅದರ ಆಕ್ಷೇಪ. ತಮಾಷೆಯೆಂದರೆ ಆ ಆಕ್ಷೇಪವೂ ಪುಸ್ತಕದಲ್ಲಿ ಬರೆದಿಟ್ಟದ್ದರಿಂದಲೇ ನಮ್ಮವರೆಗೆ ಬಂದಿದೆ. ಸಾಧನಗಳು ಬದಲಾಗುವುದು ಸಹಜ. ಹಾಗಾಗಿ ಮೊಬೈಲನ್ನು ಬೈದು ನನ್ನ ಭಾಷಣವನ್ನು ಮುಗಿಸಲಾರೆ. ಸಾಧನ ಯಾವುದಾದರೂ ಆಗಲಿ, ಏನನ್ನು ನೆನಪಿಡಬೇಕು, ಆ ನೆನಪಿನ ಹೊಣೆಯನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ನಾನು ಚಿಂತಿಸಬೇಕೆಂದಿರುವುದು ಅವನ್ನೇ.

ನಮ್ಮ ನಾಡಿನ ಮಟ್ಟಿಗೆ ಈ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಮೊದಲು ಕಲ್ಲುಗಳ ಬಳಿಗೆ ಹೋಗಬೇಕಾಗುತ್ತದೆ. ಬಹುಕಾಲ ಕನ್ನಡದ ಮೊದಲ ಶಾಸನವೆಂದೇ ಪ್ರಸಿದ್ಧವಾಗಿದ್ದ, ಕ್ರಿ.ಶ. 450ರ ಸುಮಾರಿನದೆಂದು ಸಾಮಾನ್ಯವಾಗಿ ಹೇಳಲಾಗುವ ಹಲ್ಮಿಡಿಯ ಶಾಸನ ಯುದ್ಧದಲ್ಲಿ ಪರಾಕ್ರಮ ತೋರಿದವನೊಬ್ಬನಿಗೆ ಕೊಟ್ಟ ದತ್ತಿಯ ಜ್ಞಾಪಕ. ಕನ್ನಡವು ಕಲ್ಲಿನ ಮೇಲೆ ಕಣ್ಣುತೆರೆದದ್ದೇ ಇಂಥ ಋಣವೊಂದನ್ನು ನೆನಪಿಡುವುದಕ್ಕಾಗಿ. ಅಲ್ಲಿಂದ ಮುಂದೆ ಈ ನೆಲದಲ್ಲಿ ಸಾವಿರಾರು ಶಾಸನಗಳು, ವೀರಗಲ್ಲುಗಳು ಎದ್ದುನಿಂತವು. ಬಿ. ಎಲ್. ರೈಸ್ ಅವರು 1886ರಿಂದ ಪ್ರಕಟಿಸತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆ ಮತ್ತು ಕೊಡಗಿನವೇ ಒಂಬತ್ತು ಸಾವಿರದಷ್ಟು ಶಾಸನಗಳಿವೆ. ರಾಜಮಹಾರಾಜರ ಪ್ರಶಸ್ತಿಗಳು ಅವುಗಳಲ್ಲಿ ಇಲ್ಲದಿಲ್ಲ. ಆದರೆ ದನಗಳನ್ನು ಕಳ್ಳರಿಂದ ಬಿಡಿಸಿಕೊಳ್ಳಲು ಹೋಗಿ ಸತ್ತವನು, ಹುಲಿಯೊಡನೆ ಹೋರಾಡಿ ಮಡಿದವನು, ಊರ ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಬಿದ್ದವನು, ಇಂಥವರ ಕಲ್ಲುಗಳೂ ಅಷ್ಟೇ ಗೌರವದಿಂದ ನಿಂತಿವೆ.

ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಅದರ ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ಚೋಳರನ್ನು ಗೆದ್ದ ದೊಡ್ಡ ಯುದ್ಧದ ಪ್ರಸ್ತಾಪ ಅದರಲ್ಲಿದೆ. ಆ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೆರನೆಂಬ ವೀರನಿಗೆ ಬೂತುಗನು ಮೆಚ್ಚಿ, ಬೇಕಾದುದನ್ನು ಬೇಡಿಕೊ ಎನ್ನುತ್ತಾನೆ. ಮಣಲೆರನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಹೆಸರಿನ ಒಂದು ಬೇಟೆನಾಯಿಯನ್ನು. ಮುಂದೊಂದು ದಿನ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಕಾದಿತು. ನಾಯಿ, ಹಂದಿ ಎರಡೂ ಸತ್ತವು. ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದರಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆಂದು ಶಾಸನ ವಿಧಿಸುತ್ತದೆ. ಅಂದರೆ ಕಲ್ಲನ್ನು ನಿಲ್ಲಿಸಿದ ಮಾತ್ರಕ್ಕೆ ನೆನಪು ಉಳಿಯುವುದಿಲ್ಲವೆಂಬುದು ಅದನ್ನು ಬರೆಸಿದವರಿಗೆ ತಿಳಿದಿತ್ತು. ಕಲ್ಲಿಗೊಬ್ಬ ಮನುಷ್ಯ ಬೇಕು. ಆ ಮನುಷ್ಯನಿಗೆ ಅನ್ನ ಬೇಕು. ಉಣ್ಣುವ ಮೊದಲು ಅವನಿಗೆ ತನ್ನ ಕರ್ತವ್ಯದ ಅರಿವಾಗಬೇಕು. ನೆನಪಿಗೆ ಬೇಕಾದ ಏರ್ಪಾಡನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವುದು ಕಷ್ಟ.

ಆ ಏರ್ಪಾಡು ಮುರಿದು ಬಿದ್ದಲ್ಲಿ ಏನಾಯಿತೆಂಬುದನ್ನು ನಾವು ಊರೂರಿನಲ್ಲಿಯೂ ಕಂಡಿದ್ದೇವೆ. ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲುಗಳಾದವು, ಚರಂಡಿಯ ಮೇಲಿನ ಹಾಸುಗಳಾದವು. ಆದರೆ ಎಲ್ಲವೂ ನಿರಾಶೆಯ ಕಥೆಯಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಕ್ರಿ.ಶ. 750ರ ಸುಮಾರಿನ ವೀರಗಲ್ಲೊಂದು ಬೆಳಕಿಗೆ ಬಂದಿತು. ಗಂಗರ ಶ್ರೀಪುರುಷನ ಕಾಲದ, ಕಿತ್ತಯ್ಯನೆಂಬವನ ಸ್ಮಾರಕ ಅದು. ಸುತ್ತಮುತ್ತಲಿನ ಆಸಕ್ತರು ಕೂಡಿ ಅದನ್ನು ಜೋಪಾನ ಮಾಡಿದರು. ಅದಕ್ಕೊಂದು ಮಂಟಪವೂ ಆಯಿತು. ಹನ್ನೆರಡು ಶತಮಾನಗಳಾಚೆಯ ಒಬ್ಬ ಸಾಮಾನ್ಯ ಯೋಧನ ಹೆಸರನ್ನು ಈ ಕಾಲದ ಜನ, ಅವರಲ್ಲಿ ಎಷ್ಟೋ ಮಂದಿ ದಿನವಿಡೀ ಕಂಪ್ಯೂಟರುಗಳ ಮುಂದೆ ದುಡಿಯುವವರು, ಮತ್ತೆ ಉಚ್ಚರಿಸತೊಡಗಿದರು. ಹೊಸ ತಲೆಮಾರನ್ನು ದೂರುವ ನಾವು ಇದನ್ನು ಮರೆಯಬಾರದು.

ಕಲ್ಲಿನ ತರುವಾಯ ಗರಿಯ ಮಾತು. ಹತ್ತನೆಯ ಶತಮಾನದ ಪೊನ್ನನು ರಚಿಸಿದ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ದಾನಚಿಂತಾಮಣಿ ಅತ್ತಿಮಬ್ಬೆ ಬರೆಸಿ ಹಂಚಿದಳೆಂದು ಪ್ರತೀತಿ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಗರಿಗಳು, ಎಷ್ಟು ಕಂಠಗಳು, ಎಷ್ಟು ಲಿಪಿಕಾರರ ಎಷ್ಟು ದಿನಗಳ ದುಡಿಮೆ ಎಂಬುದನ್ನು ತಾವೇ ಊಹಿಸಿಕೊಳ್ಳಬಹುದು. ಆ ಕಾವ್ಯ ನಮಗೆ ಉಳಿದಿದೆ. ಅದೇ ಪೊನ್ನನ ‘ಭುವನೈಕರಾಮಾಭ್ಯುದಯ’ ಉಳಿಯಲಿಲ್ಲ. ಮೊದಲನೆಯ ಗುಣವರ್ಮನ ‘ಶೂದ್ರಕ’ವಿಲ್ಲ, ರನ್ನನ ‘ಪರಶುರಾಮಚರಿತ’ವಿಲ್ಲ. ಅವುಗಳ ಹೆಸರು ಮಾತ್ರ ಇದೆ. ಕನ್ನಡ ಎಂ.ಎ. ತರಗತಿಯಲ್ಲಿ ಸಾಹಿತ್ಯ ಚರಿತ್ರೆಯನ್ನು ಪಾಠ ಮಾಡುವಾಗ ಈ ಅನುಪಲಬ್ಧ ಕೃತಿಗಳ ಪಟ್ಟಿ ಬಂದರೆ ವಿದ್ಯಾರ್ಥಿಗಳು ಅದನ್ನು ಬೇಗ ದಾಟಿಬಿಡಬೇಕೆಂದು ಬಯಸುತ್ತಿದ್ದರು. ಪರೀಕ್ಷೆಯಲ್ಲಿ ಅವುಗಳಿಂದ ಪ್ರಶ್ನೆ ಬರುವುದಿಲ್ಲವಲ್ಲ! ನಾನು ಮಾತ್ರ ಅಲ್ಲಿ ಕೊಂಚ ಹೊತ್ತು ನಿಲ್ಲುತ್ತಿದ್ದೆ. ಒಂದು ಕಾವ್ಯ ನಾಶವಾಗಲು ಬೆಂಕಿಯೋ ಪ್ರವಾಹವೋ ಶತ್ರುಗಳ ದಾಳಿಯೋ ಬೇಕಾಗಿಲ್ಲ. ಒಂದು ತಲೆಮಾರು ಪ್ರತಿ ಮಾಡದೆ ಸುಮ್ಮನಿದ್ದರೆ ಸಾಕು. ಮಿಕ್ಕುದನ್ನು ಗೆದ್ದಲು ನೋಡಿಕೊಳ್ಳುತ್ತದೆ.

ಈ ಸುಮ್ಮನಿರುವಿಕೆಯನ್ನು ಸಹಿಸದ ಒಬ್ಬ ಮಹನೀಯರು ಬಿಜಾಪುರದ ಫ. ಗು. ಹಳಕಟ್ಟಿಯವರು. ವೃತ್ತಿಯಿಂದ ಅವರು ವಕೀಲರು. ಮನೆಮನೆಯ ಜಗಲಿಗಳ ಮೇಲೆ, ಮಠಗಳ ಗಂಟುಗಳಲ್ಲಿ ಮುದುಡಿ ಬಿದ್ದಿದ್ದ ವಚನಗಳ ಓಲೆಗಳನ್ನು ಹುಡುಕಿ, ಓದಿ, ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಈ ಕಾರ್ಯಕ್ಕಾಗಿ ಅವರು ತಮ್ಮ ಮನೆಯನ್ನೇ ಮಾರಿದರು. ಇಂದು ವೇದಿಕೆಗಳ ಮೇಲೆ ವಚನಗಳು ಧಾರಾಳವಾಗಿ ಕೇಳಿಬರುತ್ತವೆ; ಮೊಬೈಲುಗಳಲ್ಲಿ ಪ್ರತಿದಿನ ಬೆಳಗ್ಗೆ ಒಂದಾದರೂ ಬಂದು ಬೀಳುತ್ತದೆ. ಅವು ನಮಗೆ ಇಷ್ಟು ಸುಲಭವಾಗಿ ದೊರೆಯುವುದರ ಹಿಂದೆ ಒಬ್ಬರ ಮನೆ ಹೋಗಿದೆ ಎಂಬುದನ್ನು ನೆನೆಯುವವರು ಎಷ್ಟು ಮಂದಿ? ನೆನಪಿಗೆ ಬೆಲೆಯಿದೆ ಎಂದು ನಾವು ಅಲಂಕಾರಕ್ಕಾಗಿ ಹೇಳುವುದುಂಟು. ಹಳಕಟ್ಟಿಯವರ ಬಾಳಿನಲ್ಲಿ ಅದು ಅಕ್ಷರಶಃ ನಿಜವಾಯಿತು.

ಇನ್ನು ಕಲ್ಲನ್ನೂ ಗರಿಯನ್ನೂ ಆಶ್ರಯಿಸದೆ ಕೇವಲ ಕಂಠದಲ್ಲಿ ಬಾಳಿದ ನೆನಪು. ಅಕ್ಷರ ಕಲಿಯದ ಕನ್ನಡಿಗರೂ ಕಾವ್ಯದ ಮರ್ಮವನ್ನು ಬಲ್ಲವರೆಂದು ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲಿಯೇ ಮೆಚ್ಚಿಕೊಂಡಿದೆ. ಅದು ಹೊಗಳಿಕೆಯ ಮಾತು ಮಾತ್ರವಲ್ಲವೆಂಬುದಕ್ಕೆ ನಮ್ಮ ಕಾಲದಲ್ಲಿಯೇ ಸಾಕ್ಷಿಗಳಿದ್ದರು. ಬಳ್ಳಾರಿ ಸೀಮೆಯ ದರೋಜಿ ಈರಮ್ಮನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ; ಅನೇಕ ಮಹಾಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಅವರು 2014ರಲ್ಲಿ ಕಣ್ಮರೆಯಾದರು. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜವಾಗಿದ್ದರು. ಹಾಡಿನ ಜೊತೆಗೆ ತಮ್ಮ ಸೀಮೆಯಲ್ಲಿ ಸಾರಾಯಿಯ ವಿರುದ್ಧ ಹೋರಾಡಿದವರು. 2025ರಲ್ಲಿ ಅವರೂ ತೀರಿಕೊಂಡರು. ತುಳುನಾಡಿನಲ್ಲಿ ಗೋಪಾಲ ನಾಯ್ಕರೆಂಬ ಕೃಷಿಕರು 1990ರಲ್ಲಿ ಹಲವು ದಿನ ಕುಳಿತು ಸಿರಿಯ ಪಾಡ್ದನವನ್ನು ಹಾಡಿಹೇಳಿದರು. ಫಿನ್ಲೆಂಡಿನ ಲೌರಿ ಹಾಂಕೊ ಅವರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರೊಡನೆ ಕೂಡಿ ಅದನ್ನು ದಾಖಲಿಸಿದಾಗ ಅದು 15,683 ಸಾಲುಗಳಾಯಿತು. 1998ರಲ್ಲಿ ಗ್ರಂಥವಾಗಿ ಹೊರಬಂದಿತು. ಒಬ್ಬ ರೈತನ ಎದೆಯಲ್ಲಿ ಒಂದು ಮಹಾಕಾವ್ಯ! ವಿಶ್ವವಿದ್ಯಾನಿಲಯಗಳಲ್ಲಿ ಟಿಪ್ಪಣಿಗಳಿಲ್ಲದೆ ಅರ್ಧಗಂಟೆ ಮಾತನಾಡಲಾರದ ನಾವು ಇಂಥವರ ಮುಂದೆ ತಲೆಬಾಗದೆ ಗತ್ಯಂತರವಿಲ್ಲ.

ಈ ಪ್ರಸಂಗದಲ್ಲಿ ಒಂದು ತೊಡಕಿನ ವಿಷಯವನ್ನು ತಮ್ಮ ಮುಂದಿಡಬೇಕಾಗಿದೆ. ಬೀಸುವ ಹಾಡು, ಕುಟ್ಟುವ ಹಾಡುಗಳು ಅಳಿದವಲ್ಲ ಎಂದು ಜಾನಪದ ಸಮ್ಮೇಳನಗಳಲ್ಲಿ ನಾವು ಮರುಗುತ್ತೇವೆ. ಹಲಸಂಗಿಯ ಗೆಳೆಯರು ಅಂಥ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿರದಿದ್ದರೆ ಎಷ್ಟೋ ನಷ್ಟವಾಗುತ್ತಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಹಾಡುಗಳು ಹುಟ್ಟಿದ ಬೀಸುಕಲ್ಲನ್ನು ನೆನೆಯಿರಿ. ನಮ್ಮ ಅಜ್ಜಿ ಕೋಳಿ ಕೂಗುವ ಮೊದಲೇ ಎದ್ದು, ಮನೆಮಂದಿಗೆಲ್ಲ ಬೇಕಾಗುವಷ್ಟು ಜೋಳ ಬೀಸುತ್ತಿದ್ದುದನ್ನು ನಾನು ಕಂಡಿದ್ದೇನೆ. ಆಕೆಯ ಕೈಯ ಜಡ್ಡು ನನಗೆ ಆಕೆಯ ಹಾಡಿನಷ್ಟೇ ಸ್ಪಷ್ಟವಾಗಿ ನೆನಪಿದೆ. ಹಿಟ್ಟಿನ ಗಿರಣಿ ಊರಿಗೆ ಬಂದಾಗ ಆಕೆ ಅತ್ತಳೆಂದು ತಿಳಿಯಬೇಡಿ, ಗಿರಣಿಗೆ ಕೈಮುಗಿದಳು. ಹಾಡು ಹೋಯಿತೆಂದು ಮರುಗುವ ನಾವು ಆ ದುಡಿಮೆಯೂ ಹೋಯಿತೆಂಬುದಕ್ಕೆ ಸಂತೋಷಪಡಬೇಡವೆ? ಹಾಡನ್ನು ಉಳಿಸಿಕೊಂಡು ಬೀಸುಕಲ್ಲನ್ನು ಬಿಡುವುದು, ಎಂದರೆ ಚೆಲುವನ್ನು ಉಳಿಸಿಕೊಂಡು ಅದು ತೆತ್ತ ನೋವನ್ನು ಮುಂದುವರಿಸದಿರುವುದು, ಸಂಸ್ಕೃತಿಯ ಮುಂದಿರುವ ನಿಜವಾದ ಸವಾಲು. ಹಳೆಯದೆಲ್ಲವನ್ನೂ ಮರಳಿ ತರಬೇಕೆನ್ನುವವರಿಗೂ, ಹಳೆಯದೆಲ್ಲವನ್ನೂ ಕೊಡವಿಕೊಂಡು ಹೋಗಬೇಕೆನ್ನುವವರಿಗೂ ಈ ಸವಾಲು ಕಾಣಿಸುವುದಿಲ್ಲ.

ಹಾಗೆ ನೋಡಿದರೆ ನಮ್ಮ ಕಲ್ಲುಗಳೆಲ್ಲವೂ ಅನುಸರಣೀಯವಾದ ನೆನಪುಗಳಲ್ಲ. ವೀರಗಲ್ಲಿನ ಪಕ್ಕದಲ್ಲಿಯೇ ಅನೇಕ ಕಡೆ ಮಹಾಸತಿಗಲ್ಲುಗಳಿವೆ. ಮೇಲೆತ್ತಿದ ತೋಳು, ತೋಳಿನ ತುಂಬ ಬಳೆ. ಸತ್ತ ಗಂಡನೊಡನೆ ಬೆಂಕಿ ಹೊಕ್ಕ ಹೆಣ್ಣಿನ ಗುರುತು. ಆ ಕಲ್ಲನ್ನು ಕಾಪಾಡುವುದು ನಮ್ಮ ಕರ್ತವ್ಯ. ಅದರ ಮುಂದೆ ಜಯಕಾರ ಕೂಗುವುದು ಕರ್ತವ್ಯವಲ್ಲ. 1987ರಲ್ಲಿ ರಾಜಸ್ಥಾನದ ದೇವರಾಲಾ ಎಂಬ ಹಳ್ಳಿಯಲ್ಲಿ ಹರೆಯದ ಹೆಣ್ಣುಮಗಳೊಬ್ಬಳು ಗಂಡನ ಚಿತೆಯಲ್ಲಿ ಬೆಂದುಹೋದಾಗ ಅಲ್ಲಿ ಉತ್ಸವಕ್ಕೆಂಬಂತೆ ಜನ ಸೇರಿದರು. ಆ ಬಳಿಕ ಸತಿಯ ವೈಭವೀಕರಣವೂ ಅಪರಾಧವೆಂದು ಕಾನೂನು ಮಾಡಬೇಕಾಯಿತು. ನೆನಪಿಡುವುದು ಬೇರೆ, ಮೆರೆಸುವುದು ಬೇರೆ ಎಂಬ ವಿವೇಕವನ್ನು ಕಾನೂನಿನಿಂದ ಕಲಿಯಬೇಕಾಗಿ ಬಂದದ್ದು ನಮಗೆ ಹೆಮ್ಮೆಯ ಸಂಗತಿಯಲ್ಲ. ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಊರ ನಡುವಿನ ಬಾವಿಯಿಂದ ದೂರ ನಿಂತು ಬೊಗಸೆ ಒಡ್ಡಬೇಕಾಗಿದ್ದವರ ಅನುಭವವನ್ನು ಯಾವ ಕಲ್ಲೂ ಕೊರೆದಿಡಲಿಲ್ಲ. ಅದು ಬರೆವಣಿಗೆಗೆ ಬರಲು ನಮ್ಮ ಕಾಲದವರೆಗೆ ಕಾಯಬೇಕಾಯಿತು. 1990ರ ದಶಕದಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ದಲಿಂಗಯ್ಯನವರ ‘ಊರುಕೇರಿ’ಯಂಥ ಆತ್ಮಕಥನಗಳು ಬಂದಾಗ ಅನೇಕ ಸಹೃದಯರು ಬೆಚ್ಚಿದರು. ಅವರು ಅದೇ ಊರುಗಳಲ್ಲಿ, ಅದೇ ಬೀದಿಗಳಲ್ಲಿ ಬೆಳೆದವರೇ. ಒಂದೇ ಊರಿನಲ್ಲಿ ಎರಡು ನೆನಪುಗಳಿರುತ್ತವೆ, ಒಂದರ ಸುಖ ಇನ್ನೊಂದರ ಸಂಕಟವಾಗಿರಬಹುದು ಎಂಬುದನ್ನು ಆ ಪುಸ್ತಕಗಳು ನಮಗೆ ತಿಳಿಸಿಕೊಟ್ಟವು. ‘ನಮ್ಮ ಕಾಲ ಎಷ್ಟು ಚೆನ್ನಾಗಿತ್ತು’ ಎಂದು ಹೇಳುವ ಮೊದಲು ‘ಯಾರಿಗೆ’ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಈಗ ಕಲ್ಲು, ಗರಿ, ಕಂಠಗಳನ್ನು ಬಿಟ್ಟು ನೆಲದ ನೆನಪಿಗೆ ಬರುತ್ತೇನೆ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಇಳಿಯುವ ಲಕ್ಷಾಂತರ ಜನರಿಗೆ ತಾವು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ನಿಂತಿದ್ದೇವೆಂಬುದು ಗೊತ್ತಿರುವುದಿಲ್ಲ. ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ ಬಂದಿದೆ. ಕೋರಮಂಗಲದ ಕೆರೆಯಂಗಳದಲ್ಲಿ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಮನೆಗಳೆದ್ದವು. ಒಂದು ಕೆರೆಯ ನೀರು ತುಂಬಿ ಕೋಡಿ ಹರಿದು ಇನ್ನೊಂದು ಕೆರೆಯನ್ನು ಸೇರುವಂತೆ ಹಿಂದಿನವರು ಕಾಲುವೆಗಳ ಸರಪಣಿಯನ್ನು ಹೆಣೆದಿದ್ದರು. ಅವೇ ರಾಜಕಾಲುವೆಗಳು. ಕೆರೆಯ ರಕ್ಷಣೆಗೆಂದು ಭೂಮಿ ಬಿಡುತ್ತಿದ್ದರು. ಅದಕ್ಕೆ ಕೆರೆಗೊಡಗೆ, ಕಟ್ಟುಗೊಡಗೆ ಮೊದಲಾದ ಹೆಸರುಗಳು ಶಾಸನಗಳಲ್ಲಿ ದೊರೆಯುತ್ತವೆ. ಆತಕೂರಿನ ನಾಯಿಯ ಕಲ್ಲಿಗಿದ್ದ ಏರ್ಪಾಡೇ ಕೆರೆಗೂ ಇದ್ದಿತು. ನಾವು ಆ ಏರ್ಪಾಡನ್ನು ಕಳಚಿದೆವು. ಕಾಲುವೆಯ ಮೇಲೆ ಮನೆ ಕಟ್ಟಿದೆವು. 2022ರ ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ಮಳೆ ಬಂದಾಗ ನೀರು ತನ್ನ ಹಳೆಯ ದಾರಿಯನ್ನು ಮರೆತಿರಲಿಲ್ಲ. ನಗರದ ಪೂರ್ವಭಾಗದ ಭವ್ಯ ಬಡಾವಣೆಗಳಲ್ಲಿ ಲಕ್ಷಾಂತರ ರೂಪಾಯಿಯ ಕಾರುಗಳು ಮುಳುಗಿದವು. ಕಂಪ್ಯೂಟರ್ ಸಂಸ್ಥೆಗಳ ನೌಕರರು ಟ್ರ್ಯಾಕ್ಟರುಗಳನ್ನೇರಿ ಕಚೇರಿಗೆ ಹೋದರು. ಮನುಷ್ಯ ಮರೆತರೂ ನೀರು ಮರೆಯುವುದಿಲ್ಲ.

ವಿಶೇಷವೆಂದರೆ ಅದೇ ನಗರದಲ್ಲಿ ಕೆರೆಯನ್ನು ಮರೆಯದ ಜನವೂ ಇದ್ದಾರೆ. ಪ್ರತಿವರ್ಷ ಚೈತ್ರಮಾಸದಲ್ಲಿ ನಡೆಯುವ ಕರಗದ ಉತ್ಸವದಲ್ಲಿ, ಸಂಪಂಗಿ ಕೆರೆಯ ಅವಶೇಷವಾಗಿ ಉಳಿದಿರುವ ಪುಟ್ಟ ಕೊಳದ ಬಳಿ ಇಂದಿಗೂ ವಿಧಿಗಳು ಜರುಗುತ್ತವೆ. ತೋಟಗಾರಿಕೆಯನ್ನು ಕುಲಕಸುಬಾಗಿ ಉಳ್ಳ ತಿಗಳರಿಗೆ ಕೆರೆಯೆಂದರೆ ಜೀವನಾಧಾರವಾಗಿತ್ತು. ಕೆರೆ ಹೋಯಿತು, ತೋಟ ಹೋಯಿತು, ನೆನಪು ಮಾತ್ರ ಆಚರಣೆಯ ರೂಪದಲ್ಲಿ ಆ ಕೊಳದ ದಡಕ್ಕೆ ವರ್ಷಕ್ಕೊಮ್ಮೆ ಬಂದು ನಿಲ್ಲುತ್ತದೆ. ಕರಗವು ಅದೇ ರಾತ್ರಿ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿಬರುತ್ತದೆಂಬುದನ್ನು ಇಲ್ಲಿ ಸೇರಿಸಿ ಹೇಳಬೇಕು. ನಕ್ಷೆಗಳು ಅಳಿಸಿದ ಕೆರೆಯನ್ನೂ, ಜಗಳಗಳು ಅಳಿಸಲು ಹವಣಿಸುವ ನೆರೆಹೊರೆತನವನ್ನೂ ಒಂದೇ ಮೆರವಣಿಗೆ ತನ್ನ ದಾರಿಯಲ್ಲಿ ಕಾಪಾಡಿಕೊಂಡು ಬಂದಿದೆ.

ನಾನು ಬಹುಕಾಲ ಅಧ್ಯಾಪಕನಾಗಿದ್ದ ಸಣ್ಣ ಪಟ್ಟಣವೊಂದರಲ್ಲಿಯೂ ಕೆರೆಯಂಗಳದಲ್ಲಿ ಅಂಗಡಿಸಾಲು ಕಟ್ಟಿಸುವ ಯೋಜನೆ ಬಂದಿತು. ಅದನ್ನು ಚರ್ಚಿಸಲು ಕರೆದ ಸಭೆಯಲ್ಲಿ, ಆ ಕೆರೆಗೆ ಈಚೆಗೆ ನೀರೇ ಬರುತ್ತಿಲ್ಲ, ಆದ್ದರಿಂದ ಅದು ಕೆರೆಯೇ ಅಲ್ಲವೆಂದು ಒಬ್ಬರು ವಾದಿಸಿದರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ವೃದ್ಧರು, ಒಂದು ಕಾಲಕ್ಕೆ ತೂಬು ಕಾಯುವ ನೀರಗಂಟಿಯಾಗಿದ್ದವರು, ಎದ್ದುನಿಂತು ಆ ಕೆರೆಗೆ ನೀರು ತರುವ ಐದು ಹಳ್ಳಗಳ ಹೆಸರನ್ನು ಹೇಳಿದರು. ಯಾವ ಹಳ್ಳ ಎಲ್ಲಿ ಮುಚ್ಚಿಹೋಗಿದೆ, ಯಾರ ಗೋಡೆ ಎಲ್ಲಿ ಅಡ್ಡಬಂದಿದೆ ಎಂಬುದನ್ನೂ ಹೇಳಿದರು. ಸಭೆ ನಿಶ್ಶಬ್ದವಾಯಿತು. ಯೋಜನೆ ಕೈಬಿಟ್ಟಿತೆಂದು ಹೇಳುವ ಸಂತೋಷ ನನಗಿಲ್ಲ. ಅರ್ಧ ಕೆರೆ ಹೋಯಿತು, ಅರ್ಧ ಉಳಿಯಿತು. ಉಳಿದ ಅರ್ಧ ಆ ವೃದ್ಧರ ನೆನಪಿನ ಫಲ. ಅವರ ಮಾತನ್ನು ಹತ್ತು ವರ್ಷ ಮೊದಲೇ ಯಾರಾದರೂ ಬರೆದಿಟ್ಟುಕೊಂಡಿದ್ದರೆ ಬಹುಶಃ ಇಡೀ ಕೆರೆ ಉಳಿಯುತ್ತಿತ್ತು. ಈಗ ಆ ವೃದ್ಧರಿಲ್ಲ. ಐದು ಹಳ್ಳಗಳ ಹೆಸರು ನನ್ನ ಹಳೆಯ ದಿನಚರಿಯಲ್ಲಿ ಇದೆ. ಕಾಲೇಜಿನ ಹುಡುಗರಿಬ್ಬರು ಅದನ್ನು ತಮ್ಮ ಮೊಬೈಲುಗಳಲ್ಲಿ ನಕ್ಷೆಯ ಮೇಲೆ ಗುರುತಿಸಿಕೊಂಡಿದ್ದಾರೆ. ನಾನು ಮೊಬೈಲನ್ನು ಬೈಯಲಾರೆ ಎಂದದ್ದು ಇದಕ್ಕಾಗಿಯೂ ಉಂಟು.

ನೆನಪಿನ ಸದ್ಬಳಕೆಯಂತೆ ಅದರ ದುರ್ಬಳಕೆಯೂ ಇದೆ. ಈಚಿನ ವರ್ಷಗಳಲ್ಲಿ ಇತಿಹಾಸದ ಹೆಸರಿನಲ್ಲಿ ಹಳೆಯ ಗಾಯಗಳನ್ನು ಕೆದಕುವುದು ಒಂದು ಉದ್ಯೋಗವೇ ಆಗಿಬಿಟ್ಟಿದೆ. ಐದುನೂರು ವರ್ಷಗಳ ಹಿಂದೆ ಯಾರೋ ಯಾರಿಗೋ ಮಾಡಿದ ಅನ್ಯಾಯದ ಲೆಕ್ಕವನ್ನು ಇಂದು ನೆರೆಮನೆಯವನಿಂದ ವಸೂಲು ಮಾಡಲು ಹೊರಡುವವರಿದ್ದಾರೆ. ಮೊಬೈಲಿನಲ್ಲಿ ಬಂದ ನಾಲ್ಕು ಸಾಲಿಗೆ ಆಧಾರವೇನೆಂದು ಕೇಳುವ ತಾಳ್ಮೆ ವಿದ್ಯಾವಂತರಲ್ಲಿಯೂ ಕಡಿಮೆಯಾಗಿದೆ. ಹಗೆಯೂ ಒಂದು ಬಗೆಯ ನೆನಪೇ. ಆದರೆ ಅದು ಒಂದನ್ನು ಮಾತ್ರ ನೆನಪಿಟ್ಟುಕೊಂಡು ಮಿಕ್ಕುದೆಲ್ಲವನ್ನೂ ಮರೆಯುವ ನೆನಪು.

ಈ ಸಂದರ್ಭದಲ್ಲಿ ನಾನು ಶ್ರವಣಬೆಳಗೊಳದ 1368ರ ಶಾಸನವನ್ನು ಮತ್ತೆ ಮತ್ತೆ ನೆನೆಯುತ್ತೇನೆ. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವಾಯಿತು. ಜೈನರು ತಮಗಾದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿಕೊಂಡರು. ಅರಸನು ಎರಡು ಪಕ್ಷದ ಹಿರಿಯರನ್ನೂ ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಜೈನರಿಗೆ ಅವರ ವಾದ್ಯ ಕಲಶಗಳ ಹಕ್ಕನ್ನು ಸ್ಥಿರಪಡಿಸಿದನು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣವನ್ನೆತ್ತಿ, ಬೆಳಗೊಳದ ದೇವರ ರಕ್ಷಣೆಗೆ ಕಾವಲುಗಾರರನ್ನು ನೇಮಿಸುವ, ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವ ಹೊಣೆಯನ್ನು ವೈಷ್ಣವ ಮುಖಂಡನಿಗೇ ಒಪ್ಪಿಸಲಾಯಿತು. ಜಗಳವಾದದ್ದನ್ನು ಆ ಕಲ್ಲು ಮರೆಮಾಚುವುದಿಲ್ಲ, ಜಗಳವಾಯಿತೆಂದೇ ಹೇಳುತ್ತದೆ. ಆದರೆ ಅದು ಮುಂದಿನವರಿಗಾಗಿ ಕೊರೆದಿಟ್ಟದ್ದು ಒಪ್ಪಂದವನ್ನು. ಗಾಯವನ್ನು ನೆನಪಿಡುವುದು ಅನಿವಾರ್ಯವಾದರೆ, ಅದು ಮಾದ ಬಗೆಯನ್ನೂ ಜೊತೆಯಲ್ಲಿಯೇ ನೆನಪಿಡಬೇಕೆಂಬುದು ಆ ಕಲ್ಲಿನ ಪಾಠ. ಇತಿಹಾಸವನ್ನು ಬೋಧಿಸುವ ಪ್ರತಿಯೊಂದು ತರಗತಿಯಲ್ಲಿಯೂ ಈ ಪಾಠಕ್ಕೆ ಸ್ಥಳ ದೊರೆಯಬೇಕೆಂದು ನನ್ನ ಆಸೆ.

ಕೊನೆಯದಾಗಿ ಮನೆಯೊಳಗಿನ ನೆನಪಿನ ಮಾತು. ಇಂದು ನಮ್ಮ ಪಟ್ಟಣಗಳ ಎಷ್ಟೋ ಮನೆಗಳಲ್ಲಿ ಇಬ್ಬರೇ ವೃದ್ಧರಿದ್ದಾರೆ, ಕೆಲವೆಡೆ ಒಬ್ಬರೇ. ಮಕ್ಕಳು ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ಇದ್ದಾರೆ. ತಂದೆತಾಯಿಯರ ಪೋಷಣೆಗೆಂದು 2007ರಲ್ಲಿ ಕಾನೂನೇ ಬಂದಿತು. ಕಾನೂನು ಅನ್ನ, ಔಷಧಗಳನ್ನು ಕೊಡಿಸಬಹುದು. ‘ಆಮೇಲೇನಾಯಿತು, ಹೇಳಿ’ ಎಂದು ಕೇಳುವ ಕಿವಿಯನ್ನು ಕೊಡಿಸಲಾರದು. ವಾರಕ್ಕೊಮ್ಮೆ ಮೊಬೈಲಿನ ಪರದೆಯ ಮೇಲೆ ಮೊಮ್ಮಗುವಿನ ಮುಖ ಕಾಣುತ್ತದೆ, ಸಂತೋಷ. ಆದರೆ ಅಜ್ಜಿ ಬರೆದಿಟ್ಟ ಹಾಡಿನ ಪುಸ್ತಕವನ್ನು ಆ ಮಗು ಓದಲಾರದು. ಅದಕ್ಕೆ ಕನ್ನಡದ ಅಕ್ಷರ ಬಾರದು. ಸಾವಿರದೈನೂರು ವರ್ಷಗಳಿಗೂ ಹಳೆಯ ಲಿಪಿಪರಂಪರೆಯೊಂದು ಒಂದು ಮನೆಯ ಮಟ್ಟಿಗೆ ಎರಡೇ ತಲೆಮಾರಿನಲ್ಲಿ ಮುಗಿದುಹೋಗುವುದು ಹೀಗೆ. ಇಂಗ್ಲಿಷ್ ಕಲಿಯಬಾರದೆಂದು ಹೇಳುವಷ್ಟು ಅವಿವೇಕಿ ನಾನಲ್ಲ. ಮಗುವಿಗೆ ಅನ್ನದ ಭಾಷೆಯನ್ನು ಕಲಿಸುವ ತಂದೆತಾಯಿಯರು, ದಿನಕ್ಕೆ ಕಾಲುಗಂಟೆ, ಅದರ ಅಜ್ಜಿಯ ಕೈಬರಹವನ್ನು ಓದುವಷ್ಟು ಕನ್ನಡವನ್ನೂ ಕಲಿಸಲಿ ಎಂಬಷ್ಟೇ ನನ್ನ ಕೋರಿಕೆ.

ಹಾಗಾದರೆ ನಾವು ಮಾಡಬೇಕಾದುದೇನು? ನನ್ನ ಸಲಹೆಗಳು ಬಹಳ ಸಣ್ಣವು. ಪ್ರತಿಯೊಂದು ಊರಿನ ಶಾಲೆಯೂ ತನ್ನ ಊರಿನ ಕೆರೆ, ಹಳ್ಳ, ಬಾವಿ, ಶಾಸನ, ವೀರಗಲ್ಲುಗಳ ಪಟ್ಟಿಯನ್ನು ಮಕ್ಕಳ ಕೈಯಲ್ಲಿ ಮಾಡಿಸಲಿ; ಹೊಲಗಳಿಗಿರುವ ಹೆಸರುಗಳನ್ನು ಬರೆಸಲಿ. ಹಾಡು ಬಲ್ಲ, ಕಥೆ ಬಲ್ಲ ಹಿರಿಯರ ಬಳಿ ಮಕ್ಕಳು ಹೋಗಲಿ, ಮೊಬೈಲಿನಲ್ಲಿಯೇ ಧ್ವನಿಮುದ್ರಿಸಿಕೊಳ್ಳಲಿ. ಆ ಪಟ್ಟಿಯಲ್ಲಿ ಊರಿನ ಸಂಗತಿಗಳಷ್ಟೇ ಇದ್ದರೆ ಸಾಲದು, ಕೇರಿಯವೂ ಇರಲಿ. ವಯಸ್ಸಾದ ನನ್ನ ಸಮಾನವಯಸ್ಕರಲ್ಲಿ ಒಂದು ವಿನಂತಿ: ಒಂದು ನೋಟ್‌ಬುಕ್ ತೆಗೆದುಕೊಂಡು ದಿನಕ್ಕೊಂದು ಪುಟ ಬರೆಯಿರಿ. ನಿಮ್ಮ ಬಾಲ್ಯದ ಊಟ, ಉಡುಗೆ, ಬರಗಾಲ, ಮದುವೆ, ಜಾತ್ರೆ, ಜೊತೆಗೆ ನಿಮ್ಮ ಮನೆಯಂಗಳದೊಳಕ್ಕೆ ಯಾರಿಗೆ ಪ್ರವೇಶವಿರಲಿಲ್ಲ ಎಂಬುದನ್ನೂ ಬರೆಯಿರಿ. ಸಿಹಿಯನ್ನು ಮಾತ್ರ ಬರೆದರೆ ಅದು ನೆನಪಾಗುವುದಿಲ್ಲ, ಪ್ರಶಸ್ತಿಯಾಗುತ್ತದೆ.

ಒಂದು ಪೀಳಿಗೆ ಇನ್ನೊಂದಕ್ಕೆ ಮನೆ, ಹೊಲ, ಒಡವೆಗಳನ್ನು ಬಿಟ್ಟುಹೋಗುವಾಗ ಪತ್ರ ಮಾಡಿಸುತ್ತದೆ, ಸಾಕ್ಷಿ ಹಾಕಿಸುತ್ತದೆ. ನೆನಪಿಗೆ ಅಂಥ ಪತ್ರವಿಲ್ಲ. ಕೊಡುವವರು ಹೇಳಬೇಕು, ಪಡೆಯುವವರು ಕೇಳಬೇಕು; ಅಷ್ಟೇ ಅದರ ನೋಂದಣಿ. ಕೇಳುವವರಿಲ್ಲವೆಂದು ನಾವು ದೂರುತ್ತೇವೆ. ಹೇಳುವ ಕೆಲಸವನ್ನು ಇಂದು ಸಂಜೆಯಿಂದಲೇ ಆರಂಭಿಸಬಹುದಲ್ಲ. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.